ಸರ್ಫೇಸ್ ಮತ್ತು ಇಂಟರ್‌ಫೇಸ್ ಅಧ್ಯಾಯ: ಒಂದೇ ಎಳೆ ಹಿಡಿದು ಓದೋಣ

ಮೂರನೇ ಸೆಮಿಸ್ಟರ್‌ನ ಫಿಸಿಕಲ್ ಫಾರ್ಮಸಿಯಲ್ಲಿ ಈ ಅಧ್ಯಾಯವನ್ನು ನಾನು ಮೊದಲ ಸಲ ಓದಿದ್ದು ಸೂತ್ರಗಳನ್ನು ಬಾಯಿಪಾಠ ಮಾಡಿ. ಅದು ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಗಂಧಕದ ಪುಡಿಯಿಂದ.

ಲ್ಯಾಬ್‌ನಲ್ಲಿ ಸಲ್ಫರ್ ಲೋಷನ್ ಮಾಡಬೇಕಿತ್ತು. ನಾನು ಪುಡಿ ತೂಗಿ, ಸೀದಾ ನೀರಿಗೆ ಹಾಕಿ ಕುಲುಕಿದೆ. ಹಳದಿ ಪುಡಿ ಪೂರ್ತಿ ಮೇಲೆ ಬಂದು ಬಾಟಲಿಯ ಕುತ್ತಿಗೆಗೆ ಹತ್ತಿಕೊಂಡಿತು. ಗಂಧಕ ನೀರಿಗಿಂತ ಸುಮಾರು ಎರಡು ಪಟ್ಟು ತೂಕದ್ದು. ನ್ಯಾಯವಾಗಿ ಮುಳುಗಬೇಕು, ಅಲ್ವಾ? ಪಕ್ಕದ ಟೇಬಲ್‌ನ ಅಕ್ಕ ನೋಡಿ, "ಮೊದಲು ಒಂಚೂರು ಗ್ಲಿಸರಿನ್ ಹಾಕಿ ಖಲ್ವದಲ್ಲಿ ಅರಿ, ಆಮೇಲೆ ನೀರು" ಅಂದರು. ಅಂಬಲಿಗೆ ರಾಗಿ ಹಿಟ್ಟನ್ನು ಮೊದಲು ಸ್ವಲ್ಪ ನೀರಲ್ಲಿ ಕಲಸಿಕೊಳ್ಳುತ್ತೇವಲ್ಲ, ಹಾಗೆ. ಅರೆದೆ. ಈ ಸಲ ಪುಡಿ ನೀರಿನೊಳಗೆ ಸುಮ್ನೆ ಇಳಿಯಿತು. ಕಣಗಳನ್ನು ಹಿಡಿದುಕೊಂಡಿದ್ದ ಗಾಳಿಯನ್ನು ಗ್ಲಿಸರಿನ್ ಹೊರಗೆ ತಳ್ಳಿತ್ತು. ತೂಕಕ್ಕಿಂತ ಮೇಲ್ಮೈ ಗಟ್ಟಿ ಅಂತ ಅವತ್ತು ಗೊತ್ತಾಯಿತು.

ಹಿಡಿಯಬೇಕಾದ ಎಳೆ ಇದು. ನೀರಿನ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲಾ ಕಡೆಗೂ ಎಳೆಯುತ್ತವೆ, ಆದ್ದರಿಂದ ಅದು ನೆಮ್ಮದಿಯಾಗಿದೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲುಗಡೆ ಜೊತೆಗಾರರಿಲ್ಲ. ಅದಕ್ಕೆ ಒಳಕ್ಕೆ ಎಳೆತ ಜಾಸ್ತಿ. ಹೀಗಾಗಿ ಮೇಲ್ಮೈ ಯಾವಾಗಲೂ ಕುಗ್ಗಲು ನೋಡುತ್ತದೆ. ಈ ಕುಗ್ಗುವ ಸೆಳೆತವೇ ಸರ್ಫೇಸ್ ಟೆನ್ಷನ್. ಅದನ್ನು ಹಿಗ್ಗಿಸಬೇಕೆಂದರೆ ನಾವು ಶಕ್ತಿ ಖರ್ಚು ಮಾಡಬೇಕು. ಎಷ್ಟು ಖರ್ಚು? ಸರ್ಫೇಸ್ ಟೆನ್ಷನ್ × ಹೆಚ್ಚಾದ ವಿಸ್ತೀರ್ಣ. ಈ ಅಧ್ಯಾಯದ ಬಹುಪಾಲು ಈ ಒಂದು ಗುಣಾಕಾರದಲ್ಲೇ ಇದೆ.

20 ಡಿಗ್ರಿಯಲ್ಲಿ ನೀರಿನ ಸರ್ಫೇಸ್ ಟೆನ್ಷನ್ 72.8 ಡೈನ್ ಪ್ರತಿ ಸೆಂಟಿಮೀಟರ್, 25 ಡಿಗ್ರಿಯಲ್ಲಿ ಸುಮಾರು 72. ಬಿಸಿ ಏರಿದಂತೆ ಇಳಿಯುತ್ತದೆ. ಎಥನಾಲ್‌ದು ಸುಮಾರು 22 ಮಾತ್ರ. ಡೈನ್ ಪ್ರತಿ ಸೆಂಟಿಮೀಟರ್ ಅಂದರೂ ಮಿಲಿನ್ಯೂಟನ್ ಪ್ರತಿ ಮೀಟರ್ ಅಂದರೂ ಅಂಕಿ ಒಂದೇ, ಗಾಬರಿ ಬೇಡ. ಗಾಳಿಯ ಬದಲು ಇನ್ನೊಂದು ದ್ರವ ಎದುರಿಗಿದ್ದರೆ ಅದು ಇಂಟರ್‌ಫೇಶಿಯಲ್ ಟೆನ್ಷನ್. ನೀರು ಮತ್ತು ಆಲಿವ್ ಎಣ್ಣೆ ನಡುವೆ ಸುಮಾರು 23. ನೀರು ಮತ್ತು ಆಕ್ಟನಾಲ್ ನಡುವೆ ಬರೀ 8.5. ಆಕ್ಟನಾಲ್‌ನ ಒಂದು ತುದಿ ನೀರಿನ ಜೊತೆ ಹೊಂದಿಕೊಳ್ಳುತ್ತದೆ, ಎಳೆತದ ವ್ಯತ್ಯಾಸ ಕಡಿಮೆಯಾಗುತ್ತದೆ.

ಈಗ ಗುಣಾಕಾರ ಮಾಡಿ ನೋಡೋಣ. 10 ಮಿಲಿ ಆಲಿವ್ ಎಣ್ಣೆಯನ್ನು 2 ಮೈಕ್ರಾನ್ ವ್ಯಾಸದ ಹನಿಗಳಾಗಿ ಒಡೆದು ನೀರಿನಲ್ಲಿ ಹರಡಿ ಎಮಲ್ಷನ್ ಮಾಡಿದೆವು ಅನ್ನಿ. ಗೋಳಗಳ ಒಟ್ಟು ವಿಸ್ತೀರ್ಣ ಅಂದರೆ 6 × ಗಾತ್ರ ÷ ವ್ಯಾಸ. 60 ಅನ್ನು 0.0002 ಸೆಂಟಿಮೀಟರ್‌ನಿಂದ ಭಾಗಿಸಿದರೆ 3 ಲಕ್ಷ ಚದರ ಸೆಂಟಿಮೀಟರ್, ಅಂದರೆ 30 ಚದರ ಮೀಟರ್. ಮನೆಯ ಒಂದು ದೊಡ್ಡ ಹಾಲ್‌ನಷ್ಟು! ಅಳತೆ ಜಾಡಿಯಲ್ಲಿ ಅದೇ ಎಣ್ಣೆ ನೀರಿನ ಮೇಲೆ ನಿಂತಾಗ ಇದ್ದದ್ದು ಕೆಲವೇ ಚದರ ಸೆಂಟಿಮೀಟರ್. ಅಷ್ಟು ಹಿಗ್ಗಿದ ಮೇಲ್ಮೈ ಮತ್ತೆ ಕುಗ್ಗಲು ಕಾಯುತ್ತಿರುತ್ತದೆ. ಹನಿಗಳು ಒಂದಕ್ಕೊಂದು ಸೇರಿ ಎಮಲ್ಷನ್ ಒಡೆಯುವುದು ಇದಕ್ಕೇ. ವಿಸ್ತೀರ್ಣ ಕಡಿಮೆ ಮಾಡಿದರೆ ಎಮಲ್ಷನ್ನೇ ಇರಲ್ಲ. ಹಾಗಾಗಿ ಟೆನ್ಷನ್ ಕಡಿಮೆ ಮಾಡುವವರನ್ನು ಕರೆಯುತ್ತೇವೆ. ಅವರೇ ಸರ್ಫ್ಯಾಕ್ಟೆಂಟ್‌ಗಳು.

ಅವರ ಬಗ್ಗೆ ಹೇಳೋ ಮೊದಲು ಅಳೆಯೋದು ಹೇಗೆ ಅಂತ ನೋಡಿಬಿಡೋಣ, ಪ್ರಾಕ್ಟಿಕಲ್‌ಗೆ ಬೇಕು. ಸ್ಟ್ಯಾಲಗ್ಮೋಮೀಟರ್‌ನಲ್ಲಿ ಅಂದರೆ ಸಣ್ಣ ತುದಿಯ ಗಾಜಿನ ಕೊಳವೆಯಲ್ಲಿ, ಒಂದೇ ಗಾತ್ರದ ದ್ರವ ಎಷ್ಟು ಹನಿಯಾಗಿ ಬೀಳುತ್ತದೆ ಎಂದು ಎಣಿಸುತ್ತೇವೆ. ಇಲ್ಲಿ ಜಾಸ್ತಿ ಜನ ಅನುಪಾತವನ್ನು ಉಲ್ಟಾ ಬರೆಯುತ್ತಾರೆ. ಸೂತ್ರ ಮರೆತರೂ ಪರವಾಗಿಲ್ಲ, ಹನಿಯನ್ನು ನೆನಪಿಡಿ. ಟೆನ್ಷನ್ ಕಡಿಮೆಯಾದರೆ ತುದಿ ದೊಡ್ಡ ಹನಿಯನ್ನು ಹಿಡಿದು ನಿಲ್ಲಿಸಲಾರದು. ಹನಿ ಸಣ್ಣದಾಗುತ್ತದೆ, ಸಂಖ್ಯೆ ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ನೀರು 40 ಹನಿ, ಸೋಪಿನ ದ್ರಾವಣ 80 ಹನಿ, ಅದರ ಸಾಂದ್ರತೆ ನೀರಿನ 0.998 ಪಟ್ಟು ಅನ್ನಿ. 72 × 40 ÷ 80 × 0.998 ಅಂದರೆ ಸುಮಾರು 35.9. ಹನಿ ದುಪ್ಪಟ್ಟಾಯಿತು, ಟೆನ್ಷನ್ ಅರ್ಧವಾಯಿತು. ಹನಿ ಎಣಿಸದೆ ಹನಿಯ ತೂಕ ಹಿಡಿದರೆ ಮಾತ್ರ ಅನುಪಾತ ನೇರ.

ಡು ನೂಯ್ ಉಂಗುರದಲ್ಲಿ ಪ್ಲಾಟಿನಮ್-ಇರಿಡಿಯಮ್ ಬಳೆಯನ್ನು ಮೇಲ್ಮೈಯಿಂದ ಎತ್ತಲು ಬೇಕಾದ ಬಲ ಅಳೆಯುತ್ತೇವೆ. ಸುತ್ತಳತೆಯನ್ನು 2ರಿಂದ ಗುಣಿಸುವುದು ಯಾಕೆ ಅಂತ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ಉಂಗುರದ ಒಳಗೂ ಹೊರಗೂ ದ್ರವ ಅಂಟಿಕೊಂಡು ಏಳುತ್ತದೆ, ಅದಕ್ಕೆ. ಇಂಟರ್‌ಫೇಶಿಯಲ್ ಟೆನ್ಷನ್‌ಗೂ ಇದು ಆಗುತ್ತದೆ. ಸಣ್ಣ ಕೊಳವೆಯಲ್ಲಿ ದ್ರವ ಎಷ್ಟು ಏರುತ್ತದೆ ಎಂದು ನೋಡುವ ಕ್ಯಾಪಿಲರಿ ವಿಧಾನ ಅಲ್ಲಿಗೆ ಸರಿಹೋಗುವುದಿಲ್ಲ.

ಇನ್ನು ಸರ್ಫ್ಯಾಕ್ಟೆಂಟ್. ಒಂದೇ ಅಣು, ನೀರನ್ನು ಇಷ್ಟಪಡುವ ತಲೆ, ಎಣ್ಣೆಯನ್ನು ಇಷ್ಟಪಡುವ ಬಾಲ. ಅಜ್ಜಿ ಒಡವೆ ತೊಳೆಯುತ್ತಿದ್ದ ಅಂಟುವಾಳ ಕಾಯಿಯ ನೊರೆಯಲ್ಲೂ, ಸೀಗೆಕಾಯಿಯಲ್ಲೂ ಇರುವ ಸಪೋನಿನ್ ಇದೇ ಜಾತಿ. ನೀರಿಗೆ ಹಾಕಿದರೆ ಇವು ಮೊದಲು ಮೇಲ್ಮೈಗೆ ಹೋಗಿ ಸಾಲಾಗಿ ನಿಲ್ಲುತ್ತವೆ, ಬಾಲ ಗಾಳಿಯ ಕಡೆಗೆ. ಟೆನ್ಷನ್ ಇಳಿಯುತ್ತಾ ಹೋಗುತ್ತದೆ. ಜಾಗ ತುಂಬಿದ ಮೇಲೆ ಹೊಸದಾಗಿ ಬಂದವು ನೀರಿನೊಳಗೇ ಬಾಲ ಒಳಗೆ, ತಲೆ ಹೊರಗೆ ಮಾಡಿ ಗುಂಪು ಕಟ್ಟುತ್ತವೆ. ಅವೇ ಮೈಸೆಲ್. ಈ ಗುಂಪು ಶುರುವಾಗುವ ಸಾಂದ್ರತೆಯೇ ಸಿಎಂಸಿ (ಕ್ರಿಟಿಕಲ್ ಮೈಸೆಲ್ ಕಾನ್ಸಂಟ್ರೇಷನ್). ಸೋಡಿಯಂ ಲಾರಿಲ್ ಸಲ್ಫೇಟ್‌ಗೆ 25 ಡಿಗ್ರಿಯಲ್ಲಿ ಸುಮಾರು 8 ಮಿಲಿಮೋಲಾರ್. ಅಲ್ಲಿಂದ ಮುಂದೆ ಗ್ರಾಫ್ ಹೆಚ್ಚುಕಡಿಮೆ ಚಪ್ಪಟೆ, ಯಾಕೆಂದರೆ ಮೇಲೆ ಸೀಟ್ ಖಾಲಿ ಇಲ್ಲ. ನೀರಲ್ಲಿ ಕರಗದ ಔಷಧಿಗೆ ಮೈಸೆಲ್‌ನ ಎಣ್ಣೆಯಂಥ ಹೊಟ್ಟೆಯೊಳಗೆ ಜಾಗ ಸಿಗುತ್ತದೆ. ಸಾಲ್ಯುಬಿಲೈಸೇಷನ್ ಅಂದರೆ ಅದೇ.

ಯಾವ ಸರ್ಫ್ಯಾಕ್ಟೆಂಟ್ ಯಾವ ಕೆಲಸಕ್ಕೆ? ಗ್ರಿಫಿನ್ 1949ರಲ್ಲಿ ಕೊಟ್ಟ ಎಚ್‌ಎಲ್‌ಬಿ ಅಂಕಿ ಇದಕ್ಕೆ. ಹೈಡ್ರೋಫೈಲ್-ಲಿಪೋಫೈಲ್ ಬ್ಯಾಲೆನ್ಸ್, ಅಂದರೆ ನೀರು-ಎಣ್ಣೆ ಒಲವಿನ ತೂಕ. ಅಂಕಿ ಕಡಿಮೆಯಾದರೆ ಎಣ್ಣೆಯ ಕಡೆ ಒಲವು, ಜಾಸ್ತಿಯಾದರೆ ನೀರಿನ ಕಡೆ. 3ರಿಂದ 6 ಎಣ್ಣೆಯಲ್ಲಿ ನೀರು ಎಮಲ್ಷನ್‌ಗೆ, 8ರಿಂದ 16 ನೀರಿನಲ್ಲಿ ಎಣ್ಣೆ ಎಮಲ್ಷನ್‌ಗೆ. ಪರೀಕ್ಷೆಯ ಲೆಕ್ಕ ಹೀಗಿರುತ್ತದೆ: ಎಚ್‌ಎಲ್‌ಬಿ 12 ಬೇಕು, ಸ್ಪ್ಯಾನ್ 80 (ಎಚ್‌ಎಲ್‌ಬಿ 4.3) ಮತ್ತು ಟ್ವೀನ್ 80 (15) ಎಂಬ ಎರಡು ಸರ್ಫ್ಯಾಕ್ಟೆಂಟ್ ಇವೆ, ಒಟ್ಟು 5 ಗ್ರಾಂ. ಟ್ವೀನ್‌ನ ಪಾಲು 12ರಿಂದ 4.3 ಕಳೆದು 10.7ರಿಂದ ಭಾಗಿಸಿದರೆ 0.72. ಅಂದರೆ ಟ್ವೀನ್ 3.6 ಗ್ರಾಂ, ಸ್ಪ್ಯಾನ್ 1.4 ಗ್ರಾಂ. 12 ಅನ್ನೋದು 15ಕ್ಕೆ ಹತ್ತಿರ, ಹಾಗಾಗಿ ಟ್ವೀನ್ ಜಾಸ್ತಿ ಬರಲೇಬೇಕು. ಉತ್ತರ ಬರೆಯೋ ಮೊದಲು ಇಷ್ಟು ನೋಡಿಕೊಳ್ಳಿ.

ಒಂದು ದ್ರವ ಇನ್ನೊಂದರ ಮೇಲೆ ಹರಡುತ್ತದೋ ಇಲ್ಲವೋ ಎಂದು ಹೇಳುವ ಸ್ಪ್ರೆಡಿಂಗ್ ಕೋಎಫಿಷಿಯಂಟ್ ಕೂಡ ಅದೇ ಎಳೆ. ಕೆಳಗಿನ ದ್ರವದ ಟೆನ್ಷನ್‌ನಿಂದ, ಮೇಲೆ ಹಾಕಿದ ದ್ರವದ ಟೆನ್ಷನ್ ಮತ್ತು ಎರಡರ ನಡುವಿನ ಟೆನ್ಷನ್ ಕಳೆಯಿರಿ. ನೀರಿನ ಮೇಲೆ ಬೆನ್ಜೀನ್ ಹಾಕಿದರೆ 72.8 − (28.9 + 35.0) = 8.9. ಪ್ಲಸ್ ಬಂತು, ಹರಡುತ್ತದೆ. ಸ್ವಲ್ಪ ಹೊತ್ತಿಗೆ ಬೆನ್ಜೀನ್ ಕರಗಿ ನೀರಿನ ಟೆನ್ಷನ್ 62.2ಕ್ಕೆ ಇಳಿಯುತ್ತದೆ, ಲೆಕ್ಕ ಮೈನಸ್ ಆಗುತ್ತದೆ, ಹರಡಿದ ಬೆನ್ಜೀನ್ ಮತ್ತೆ ಮುದುಡಿಕೊಳ್ಳುತ್ತದೆ.

ಘನದ ಮೇಲೆ ಹನಿ ನಿಂತರೆ ಅಳೆಯೋದು ಕಾಂಟ್ಯಾಕ್ಟ್ ಆಂಗಲ್, ಅಂದರೆ ಹನಿಯ ಅಂಚು ಘನದ ಜೊತೆ ಮಾಡುವ ಕೋನ. ಕೆಸುವಿನ ಎಲೆಯ ಮೇಲೆ ಮುತ್ತಿನಂತೆ ಉರುಳುವ ಹನಿಗೆ ಕೋನ 90ಕ್ಕಿಂತ ತುಂಬಾ ಜಾಸ್ತಿ. ಮಾತ್ರೆಯಲ್ಲಿ ಹಾಕುವ ಲ್ಯಾಕ್ಟೋಸ್‌ಗೆ ನೀರಿನ ಜೊತೆ ಸುಮಾರು 30 ಡಿಗ್ರಿ, ಮೆಗ್ನೀಸಿಯಂ ಸ್ಟಿಯರೇಟ್‌ಗೆ 121. ಸ್ಟಿಯರೇಟ್ ಹೆಚ್ಚಾದರೆ ಅಥವಾ ಜಾಸ್ತಿ ಹೊತ್ತು ಬೆರೆಸಿದರೆ ಅದು ಉಳಿದ ಕಣಗಳಿಗೆ ಲೇಪ ಹಿಡಿದು, ನೀರು ಒಳಗೆ ಹೋಗದೆ ಮಾತ್ರೆ ನಿಧಾನವಾಗಿ ಕರಗುತ್ತದೆ. ನನ್ನ ಗಂಧಕದ ಕಥೆಯೇ ಇದು, ಮಾತ್ರೆಯ ರೂಪದಲ್ಲಿ.

ಈ ಅಧ್ಯಾಯದಲ್ಲಿ ನನಗೆ ತುಂಬಾ ಹತ್ತಿರವಾದ ಭಾಗ ಶ್ವಾಸಕೋಶ. ಗುಳ್ಳೆಯೊಳಗಿನ ಒತ್ತಡ ಅಂದರೆ 2 × ಟೆನ್ಷನ್ ÷ ತ್ರಿಜ್ಯ. ತ್ರಿಜ್ಯ ಚಿಕ್ಕದಾದಷ್ಟೂ ಒತ್ತಡ ಹೆಚ್ಚು. ಶ್ವಾಸಕೋಶದ ಗಾಳಿಚೀಲಗಳಲ್ಲಿ ಬರೀ ನೀರಿನ ಪದರ ಇದ್ದಿದ್ದರೆ ಉಸಿರು ಬಿಟ್ಟಾಗ ಚಿಕ್ಕ ಚೀಲಗಳು ಮುಚ್ಚಿಹೋಗುತ್ತಿದ್ದವು. ನಮ್ಮ ದೇಹ ತಾನೇ ಒಂದು ಸರ್ಫ್ಯಾಕ್ಟೆಂಟ್ ತಯಾರಿಸುತ್ತದೆ. ಅದರ ಮುಖ್ಯ ಅಂಶ ಡೈಪಾಲ್ಮಿಟಾಯ್ಲ್ ಫಾಸ್ಫಟಿಡೈಲ್‌ಕೋಲೀನ್. ಚೀಲ ಕುಗ್ಗಿದಾಗ ಈ ಅಣುಗಳು ಒತ್ತೊತ್ತಾಗಿ ಸೇರಿ ಟೆನ್ಷನ್‌ ಅನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುತ್ತವೆ, ಚೀಲ ತೆರೆದೇ ಇರುತ್ತದೆ. ತೀರಾ ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನಲ್ಲಿ ಇದು ಸಾಲದು. ಆ ಮಕ್ಕಳ ಉಸಿರಾಟದ ತೊಂದರೆಗೆ ಇದರ ಕೊರತೆಯೇ ಕಾರಣ ಎಂದು ಸಂಶೋಧಕರಾದ ಏವರಿ ಮತ್ತು ಮೀಡ್ 1959ರಲ್ಲಿ ತೋರಿಸಿದರು. ಈಗ ದನದ ಅಥವಾ ಹಂದಿಯ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು ಕೊಳವೆಯ ಮೂಲಕ ಮಗುವಿನ ಶ್ವಾಸನಾಳಕ್ಕೆ ಬಿಡುತ್ತಾರೆ. ದನದ ಶ್ವಾಸಕೋಶದಿಂದ ಬರುವ ಬೆರಾಕ್ಟಂಟ್ ಸೀಸೆಯಲ್ಲಿ ತಳ ಹಿಡಿದಿದ್ದರೆ ಮೆಲ್ಲಗೆ ತಿರುಗಿಸಬೇಕು, ಕುಲುಕುವ ಹಾಗಿಲ್ಲ. ಕುಲುಕಿದರೆ ಗಾಳಿ ಮತ್ತು ನೀರಿನ ನಡುವೆ ಹೊಸ ಮೇಲ್ಮೈ ಹುಟ್ಟುತ್ತದೆ, ಅಣುಗಳು ಅಲ್ಲಿಗೆ ಓಡುತ್ತವೆ, ಮಗುವಿಗೆ ಹೋಗಬೇಕಾದ ಔಷಧಿ ಸೀಸೆಯಲ್ಲೇ ನೊರೆಯಾಗುತ್ತದೆ.