ಜಿಮ್‌ಗೆ ಹೋದರೆ ಹಾರ್ಟ್ ಅಟ್ಯಾಕ್ ಆಗುತ್ತಾ?

ಪ್ರಶ್ನೆ: ನನಗೆ 42 ವರ್ಷ. ಜಿಮ್ ಸೇರ್ತೀನಿ ಅಂದ್ರೆ ಮನೆಯಲ್ಲಿ ಬಿಡ್ತಿಲ್ಲ. ವ್ಯಾಯಾಮದಿಂದ ಹೃದಯ ಸವೆಯುತ್ತೆ ಅನ್ನೋದು ನಿಜವಾ?

ಉತ್ತರ: ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಈ ಪ್ರಶ್ನೆ ನಿಂತೇ ಇಲ್ಲ. ಮನೆಯವರ ಭಯ ಅರ್ಥವಾಗುತ್ತದೆ. ಆದರೆ ಅದರ ಬೆನ್ನಿಗೇ ಬರುವ ವಾದವೊಂದಿದೆ: ‘ಹೃದಯಕ್ಕೆ ಇಂತಿಷ್ಟೇ ಬಡಿತ ಅಂತ ಬರೆದಿರುತ್ತೆ, ಓಡಿ ಓಡಿ ಯಾಕೆ ಮುಗಿಸ್ಕೋಬೇಕು?’ ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಅಂಥ ಕೋಟಾ ಯಾವುದೂ ಇಲ್ಲ. ಇದೆ ಅಂತಲೇ ಇಟ್ಟುಕೊಂಡರೂ ಲೆಕ್ಕ ಉಲ್ಟಾ.

ಪೆನ್ನು ತಗೊಳ್ಳಿ. ಸುಮ್ಮನೆ ಕೂತಾಗ ನಿಮ್ಮ ನಾಡಿ ನಿಮಿಷಕ್ಕೆ 75 ಇದ್ದರೆ ದಿನಕ್ಕೆ 1,08,000 ಬಡಿತ. ಕೆಲವು ತಿಂಗಳು ಬಿಡದೆ ಬಿರುಸಾಗಿ ನಡೆದ ಮೇಲೆ ಅದು 68ಕ್ಕೆ ಇಳಿಯಿತು ಅನ್ನೋಣ. ನಡೆಯುವ ಅರ್ಧ ಗಂಟೆ 120ರಂತೆ ಬಡಿದರೂ ದಿನದ ಒಟ್ಟು 99,480. ಎಂಟು ಸಾವಿರಕ್ಕೂ ಹೆಚ್ಚು ಉಳಿತಾಯ! ಪಳಗಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ, ಹಾಗಾಗಿ ಕಡಿಮೆ ಬಡಿದರೂ ಸಾಕಾಗುತ್ತದೆ.

ಇನ್ನೂ ನಂಬಿಕೆ ಬರದಿದ್ದರೆ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಕತೆ ಕೇಳಿ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ಪ್ರಕಟಿಸಿದರು. ಬಸ್ಸು ಅದೇ, ಒಬ್ಬರು ಇಡೀ ದಿನ ಕೂರುವವರು, ಇನ್ನೊಬ್ಬರು ಮೆಟ್ಟಿಲು ಹತ್ತಿಳಿಯುವವರು. ಹೃದ್ರೋಗ ಕಂಡಕ್ಟರುಗಳಲ್ಲೇ ಕಡಿಮೆ ಇತ್ತು. ಮೆಟ್ಟಿಲು ಹತ್ತಿ ಸವೆಯುವುದಾದರೆ ಮೊದಲು ಸವೆಯಬೇಕಿದ್ದದ್ದು ಅವರ ಹೃದಯವೇ.

ಹಾಗಾದರೆ ಜಿಮ್‌ನಲ್ಲಿ ಕುಸಿದವರ ಸುದ್ದಿ? ರಕ್ತನಾಳದಲ್ಲಿ ಮೊದಲೇ ಕೊಬ್ಬಿನ ಪದರ ಕಟ್ಟಿದ್ದು, ಅಭ್ಯಾಸವಿಲ್ಲದೆ ಒಮ್ಮೆಲೇ ಭಾರಿ ತೂಕ ಎತ್ತಿದರೆ ಆ ಹೊತ್ತಿಗೆ ಅಪಾಯ ಏರುವುದು ನಿಜ. ಅದಕ್ಕೇ ನಿಧಾನಕ್ಕೆ ಶುರುಮಾಡಿ. ಶುಗರ್, ಬಿಪಿ, ಸಿಗರೇಟು, ಮನೆತನದಲ್ಲಿ ಹೃದ್ರೋಗ, ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರನ್ನು ನೋಡಿ. ಅಳತೆ ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಎದೆನೋವನ್ನು ಗ್ಯಾಸ್ಟ್ರಿಕ್ ಅಂದುಕೊಳ್ಳುವ ವಿಷಯ. ಏರು ಹತ್ತುವಾಗ ಎದೆ ಹಿಡಿದಂತಾಗಿ, ನಿಂತರೆ ಐದು ನಿಮಿಷದಲ್ಲಿ ಸರಿಹೋಗುತ್ತಿದ್ದರೆ ಜೀರಿಗೆ ಕಷಾಯ ಕುಡಿದು ಸುಮ್ಮನಾಗಬೇಡಿ. ನಡೆದಾಗ ಬಂದು ನಿಂತಾಗ ಹೋಗುವ ನೋವು ಹೆಚ್ಚಾಗಿ ಹೃದಯದ್ದು. ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂದರೂ ನಿಶ್ಚಿಂತೆ ಬೇಡ, ನಡೆಸುತ್ತಾ ಇಸಿಜಿ ತೆಗೆಯುವ ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಕೂತಲ್ಲೇ ನೋವು ಬಂದು ಬೆವರು ಕಿತ್ತುಕೊಂಡರೆ ಅಪಾಯಿಂಟ್‌ಮೆಂಟ್ ಕಾಯದೆ 108ಕ್ಕೆ ಫೋನ್ ಮಾಡಿ.