ದೊಡ್ಡ ಆರ್‌ಸಿ ವಿಮಾನದ ಜೋಡಣೆ: ನನ್ನನ್ನು ಎರಡು ದಿನ ಕಾಡಿದ ಸರ್ವೋ ಆರ್ಮ್

ರಿಮೋಟ್‌ನಿಂದ ಹಾರಿಸುವ (ಆರ್‌ಸಿ) ವಿಮಾನದ ಪೆಟ್ಟಿಗೆ ಬಿಚ್ಚಿ ಮೂರು ವಾರವಾಯಿತು. ತುದಿಯಿಂದ ತುದಿಗೆ 2.2 ಮೀಟರ್ ರೆಕ್ಕೆ, ಮೂತಿಗೆ 50 ಸಿಸಿ ಪೆಟ್ರೋಲ್ ಎಂಜಿನ್. ಎಆರ್‌ಎಫ್ ಕಿಟ್, ಅಂದರೆ ಬಾಲ್ಸಾ ಮತ್ತು ಪ್ಲೈವುಡ್ ಚೌಕಟ್ಟು ಕಟ್ಟಿ, ಮೇಲೆ ಫಿಲ್ಮ್ ಹೊದಿಸಿಯೇ ಕೊಟ್ಟಿರುತ್ತಾರೆ. ನಾವು ಹಿಂಜ್ (ಕೀಲು) ಅಂಟಿಸಬೇಕು, ಸರ್ವೋ (ರೆಕ್ಕೆ ಬಾಲದ ಆಡುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರ್ ಡಬ್ಬಿ), ಎಂಜಿನ್, ಟ್ಯಾಂಕ್ ಕೂರಿಸಬೇಕು, ವೈರ್ ಎಳೆಯಬೇಕು. ಮುಕ್ಕಾಲು ಪಾಲು ಕೆಲಸ ಕೈಪಿಡಿ ನೋಡಿಕೊಂಡೇ ಆಗುತ್ತದೆ. ನಾನು ಸಿಕ್ಕಿಬಿದ್ದದ್ದು ಒಂದೇ ಕಡೆ: ಸರ್ವೋ ಆರ್ಮ್‌ನ ಯಾವ ತೂತಿಗೆ ಪುಶ್‌ರಾಡ್ ಹಾಕಬೇಕು? ಆರ್ಮ್ ಅಂದರೆ ಸರ್ವೋ ತಿರುಗಿಸುವ ತೋಳು, ಪುಶ್‌ರಾಡ್ ಅಂದರೆ ಅದರಿಂದ ಆಡುವ ಭಾಗಕ್ಕೆ ಹೋಗುವ ಸರಳು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಹಾಗಾಗಿ ಇಲ್ಲಿ ಅದರದ್ದೇ ಮಾತು ಜಾಸ್ತಿ.

ಹಿಂಜ್: ಬೇಗ ಮುಗಿಸೋಣ

ಸಣ್ಣ ವಿಮಾನಕ್ಕೆ ತೆಳ್ಳನೆಯ ಹಾಳೆಯಂಥ ಹಿಂಜ್ ಮತ್ತು ನೀರಿನಂಥ ಸೂಪರ್ ಗ್ಲೂ ಸಾಕು. ಈ ಗಾತ್ರಕ್ಕೆ ನಡುವೆ ಪಿನ್ ಇರುವ ಹಿಂಜ್, ಮತ್ತು ನಿಧಾನಕ್ಕೆ ಗಟ್ಟಿಯಾಗುವ 30 ನಿಮಿಷದ ಎಪಾಕ್ಸಿ. 5 ನಿಮಿಷದ್ದು ಬೇಡ. ಐದನೇ ಹಿಂಜ್ ತೂರಿಸುವಷ್ಟರಲ್ಲಿ ಮೊದಲನೆಯದು ಕಲ್ಲಾಗಿರುತ್ತದೆ. ಅಂಟು ಹಾಕುವ ಮುಂಚೆ ಪಿನ್ ಇರುವ ಗೆಣ್ಣಿಗೆ ಮಾತ್ರ ಪೆಟ್ರೋಲಿಯಂ ಜೆಲ್ಲಿ ಸವರಿ, ಎಪಾಕ್ಸಿ ಅಲ್ಲಿಗೆ ಹರಿದರೂ ಹಿಡಿಯುವುದಿಲ್ಲ. ಅಂಟು ಹಿಡಿಯಬೇಕಾದ ಕಡ್ಡಿಗೆ ಜೆಲ್ಲಿ ತಾಗಬಾರದು. ಎಲ್ಲ ಪಿನ್‌ಗಳೂ ಒಂದೇ ಗೆರೆಯಲ್ಲಿರಬೇಕು, ಇಲ್ಲದಿದ್ದರೆ ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ಉರುಳಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ರೆಪ್ಪೆ) ಬಿಗಿಯಾಗುತ್ತದೆ. ಮಾರನೇ ದಿನ ಒಂದೊಂದನ್ನೂ ಗಟ್ಟಿಯಾಗಿ ಎಳೆದು ನೋಡಿ. ಹಿಂಜ್ ಕೆಲಸ ಇಷ್ಟೇ.

ಅಸಲಿ ಗೊಂದಲ: ಯಾವ ತೂತು?

ಕಥೆ ಹೀಗಾಯಿತು. ಪೆಟ್ಟಿಗೆಯಲ್ಲಿ 4 ಸೆಂ.ಮೀ. ಉದ್ದದ ಲೋಹದ ಆರ್ಮ್ ಇತ್ತು. ನಾನು ಪುಶ್‌ರಾಡ್ ಅನ್ನು ಅದರ ಕೊನೆಯ ತೂತಿಗೆ ಹಾಕಿದೆ. ಐಲೆರಾನ್ ಕಡೆಯ ಹಾರ್ನ್‌ನಲ್ಲಿ (ಪುಶ್‌ರಾಡ್ ಹಿಡಿಯಲು ಐಲೆರಾನ್ ಮೇಲೆ ನಿಂತಿರುವ ಕೊಂಬು) ಎಲ್ಲಕ್ಕಿಂತ ಕೆಳಗಿನ ತೂತು, ಹಿಂಜ್‌ನಿಂದ 2 ಸೆಂ.ಮೀ. ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಆನ್ ಮಾಡಿ ಸ್ಟಿಕ್ ತಳ್ಳಿದರೆ ಐಲೆರಾನ್ ಹುಚ್ಚೆದ್ದಂತೆ ಮೇಲೆ ಹೋಗಿ ಬಿಗಿದುಕೊಂಡಿತು, ಸರ್ವೋ ಗುರ್ ಅಂತ ನರಳಿತು. ನನಗೆ ಬೇಕಿದ್ದದ್ದು 28 ಡಿಗ್ರಿ ಮಾತ್ರ. ‘ಸರಿ, ಟ್ರಾನ್ಸ್‌ಮಿಟರ್‌ನಲ್ಲೇ ಕಡಿಮೆ ಮಾಡಿದರಾಯಿತು’ ಅಂದುಕೊಂಡು ಟ್ರಾವೆಲ್ ಅನ್ನು, ಅಂದರೆ ಸ್ಟಿಕ್ ಪೂರ್ತಿ ತಳ್ಳಿದಾಗ ಸರ್ವೋ ಶೇಕಡಾ ಎಷ್ಟು ತಿರುಗಬೇಕು ಅನ್ನುವುದನ್ನು, 100ರಿಂದ 30ಕ್ಕೆ ಇಳಿಸಿದೆ. ಅಳೆದರೆ ಸರಿಯಾಗಿ 28 ಡಿಗ್ರಿ! ಕೆಲಸ ಮುಗಿಯಿತು ಅಂತ ಖುಷಿಯಾದೆ.

ಸುಮ್ನೆ ಬೆರಳಿನಿಂದ ಐಲೆರಾನ್‌ನ ಹಿಂದಿನ ಅಂಚು ಮುಟ್ಟಿದೆ. ಅಂಚು 2 ಮಿ.ಮೀ. ಮೇಲೆ ಕೆಳಗೆ ಆಡಿತು. ಸರ್ವೋ ಆನ್ ಇದೆ, ಪುಶ್‌ರಾಡ್ ತುದಿಯ ಬಾಲ್ ಲಿಂಕ್ ಬಿಗಿಯಾಗಿದೆ, ಹಿಂಜ್ ಗಟ್ಟಿ. ಮತ್ತೆ ಈ ಆಟ ಎಲ್ಲಿಂದ ಬಂತು?

ಇಲ್ಲೇ ಎರಡು ದಿನ ಕೂತೆ. ಬಾಗಿಲನ್ನು ನೆನೆಸಿಕೊಂಡ ಮೇಲೆ ತಲೆಗೆ ಹೋಯಿತು. ಬಾಗಿಲನ್ನು ಚಿಲಕದ ಹತ್ತಿರ ತಳ್ಳಿದರೆ ಒಂದು ಬೆರಳು ಸಾಕು, ಆದರೆ ಕೈ ಜಾಸ್ತಿ ದೂರ ಹೋಗಬೇಕು. ಕೀಲಿನ ಹತ್ತಿರ ತಳ್ಳಿದರೆ ಕೈ ಸ್ವಲ್ಪವೇ ಹೋಗುತ್ತದೆ, ಬಲ ಮಾತ್ರ ಸಿಕ್ಕಾಪಟ್ಟೆ ಬೇಕು. ನಾನು 4 ಸೆಂ.ಮೀ. ಆರ್ಮ್‌ನಿಂದ 2 ಸೆಂ.ಮೀ. ಹಾರ್ನ್ ತಳ್ಳುತ್ತಿದ್ದೆ. ಅಂದರೆ ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳುತ್ತಿದ್ದೆ.

ಈಗ ಲೆಕ್ಕ. ಸರ್ವೋ ಮೇಲೆ 20 ಕೆ.ಜಿ.-ಸೆಂ.ಮೀ. ಅಂತ ಬರೆದಿದೆ. ಅಂದರೆ ನಡುವಿನಿಂದ 1 ಸೆಂ.ಮೀ. ದೂರದಲ್ಲಿ ಅದು 20 ಕೆ.ಜಿ. ಎಳೆಯಬಲ್ಲದು. 4 ಸೆಂ.ಮೀ. ದೂರದಲ್ಲಿ? 20ನ್ನು 4ರಿಂದ ಭಾಗಿಸಿ, ಬರೀ 5 ಕೆ.ಜಿ. ಆ 5 ಕೆ.ಜಿ. ಪುಶ್‌ರಾಡ್ ಮೂಲಕ 2 ಸೆಂ.ಮೀ. ಹಾರ್ನ್‌ಗೆ ಬರುತ್ತದೆ: 5ನ್ನು 2ರಿಂದ ಗುಣಿಸಿದರೆ 10. ನನ್ನ 20ರ ಸರ್ವೋ ಐಲೆರಾನ್‌ಗೆ ಕೊಡುತ್ತಿದ್ದದ್ದು 10 ಮಾತ್ರ. ಅರ್ಧ ಬಲವನ್ನು ನನ್ನ ಕೈಯಾರೆ ಕಳೆದುಕೊಂಡಿದ್ದೆ.

ತಿರುಗಿಸಿ ಹಾಕೋಣ. ಆರ್ಮ್ 2 ಸೆಂ.ಮೀ., ಹಾರ್ನ್ 3 ಸೆಂ.ಮೀ. ಪುಶ್‌ರಾಡ್‌ನಲ್ಲಿ 20 ಭಾಗಿಸು 2, ಅಂದರೆ 10 ಕೆ.ಜಿ. ಅದನ್ನು 3ರಿಂದ ಗುಣಿಸಿದರೆ 30. ಸರ್ವೋ ಅದೇ, ಬ್ಯಾಟರಿ ಅದೇ, ಬಲ ಮಾತ್ರ ಮೂರು ಪಟ್ಟು!

ಕೋನ ಎಷ್ಟು ಸಿಗುತ್ತದೆ? ನನ್ನ ಸರ್ವೋ 100 ಟ್ರಾವೆಲ್‌ಗೆ 45 ಡಿಗ್ರಿ ತಿರುಗುತ್ತದೆ. 45ರ ಸೈನ್ 0.707. ಅದನ್ನು 2ರಿಂದ ಗುಣಿಸಿ 3ರಿಂದ ಭಾಗಿಸಿದರೆ 0.471. ಅದು ಸುಮಾರು 28 ಡಿಗ್ರಿಯ ಸೈನ್. ನನಗೆ ಬೇಕಿದ್ದ ಕೋನವೇ, ಟ್ರಾವೆಲ್ 100ರಲ್ಲೇ ಇದ್ದು. ಹಳೆಯ ಜೋಡಣೆಯಲ್ಲಿ ಅಷ್ಟೇ ಕೋನಕ್ಕೆ ಸರ್ವೋ 14 ಡಿಗ್ರಿಯೂ ತಿರುಗುತ್ತಿರಲಿಲ್ಲ. ಅದಕ್ಕೇ 30ಕ್ಕೆ ಇಳಿಸಬೇಕಾಗಿ ಬಂದದ್ದು. ಸ್ಟಿಕ್‌ನ ಇಡೀ ಓಟವನ್ನು ಸರ್ವೋದ ಮೂರನೇ ಒಂದು ಭಾಗಕ್ಕೂ ಕಡಿಮೆ ಜಾಗದಲ್ಲಿ ತುರುಕಿದ್ದೆ. ಸೂಕ್ಷ್ಮ ಹತೋಟಿ ಎಲ್ಲಿಂದ ಬರಬೇಕು?

ಇನ್ನು ಆ 2 ಮಿ.ಮೀ. ಆಟ. ಯಾವ ಸರ್ವೋದ ಗೇರ್‌ನಲ್ಲೂ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ಅರ್ಧ ಡಿಗ್ರಿ ಅಂತ ಇಟ್ಟುಕೊಳ್ಳಿ. 4ಕ್ಕೆ 2ರ ಜೋಡಣೆ ಅದನ್ನು ದುಪ್ಪಟ್ಟು ಮಾಡಿ ಐಲೆರಾನ್‌ಗೆ 1 ಡಿಗ್ರಿ ಕೊಡುತ್ತದೆ. ನನ್ನ ಐಲೆರಾನ್ 12 ಸೆಂ.ಮೀ. ಅಗಲ. ಅಷ್ಟು ದೂರದಲ್ಲಿ 1 ಡಿಗ್ರಿ ಅಂದರೆ 2.1 ಮಿ.ಮೀ. ಬೆರಳಿಗೆ ಸಿಕ್ಕಿದ್ದು ಅದೇ! 2ಕ್ಕೆ 3ರ ಜೋಡಣೆಯಲ್ಲಿ ಅದು 0.7 ಮಿ.ಮೀ.ಗೆ ಇಳಿಯುತ್ತದೆ. ದೊಡ್ಡ ವಿಮಾನದಲ್ಲಿ ಇದು ಬರೀ ಅಂದಚಂದದ ಮಾತಲ್ಲ. ಸಡಿಲ ಇದ್ದರೆ ವೇಗದಲ್ಲಿ ಐಲೆರಾನ್ ತಾನಾಗಿ ಪಟಪಟ ಬಡಿದುಕೊಳ್ಳಲು ಶುರುಮಾಡಬಹುದು. ಅದಕ್ಕೆ ಫ್ಲಟ್ಟರ್ ಅನ್ನುತ್ತಾರೆ. ಒಂದೆರಡು ಸೆಕೆಂಡಿನಲ್ಲಿ ಸರ್ವೋ ಗೇರ್ ಪುಡಿಯಾಗಬಹುದು, ಐಲೆರಾನೇ ಕಿತ್ತುಹೋಗಬಹುದು.

ಹಾಗಾದರೆ ಆ ಉದ್ದ ಆರ್ಮ್ ಯಾಕೆ ಕೊಟ್ಟಿದ್ದಾರೆ? 3ಡಿ ಹಾರಾಟ, ಅಂದರೆ ಗಾಳಿಯಲ್ಲಿ ನಿಂತಲ್ಲೇ ತೂಗಾಡಿಸುವಂಥ ಕಸರತ್ತು ಮಾಡುವವರಿಗೆ. ಅವರಿಗೆ 45 ಡಿಗ್ರಿಯೋ ಅದಕ್ಕೂ ಜಾಸ್ತಿಯೋ ಬೇಕು, ಬಲ ಹೋದರೂ ಪರವಾಗಿಲ್ಲ ಅಂತ ಇನ್ನೂ ಶಕ್ತಿಯ ಸರ್ವೋ ಹಾಕುತ್ತಾರೆ. ನಮಗೆ ಈಗಲೇ ಅದು ಬೇಡ ಅಲ್ವಾ.

ಆದ್ದರಿಂದ ನನ್ನ ಕ್ರಮ ಇದು. ಮೊದಲು ಹಾರ್ನ್‌ನಲ್ಲಿ ಹಿಂಜ್‌ನಿಂದ ದೂರದ ತೂತು. ಆಮೇಲೆ ಆರ್ಮ್‌ನಲ್ಲಿ ಒಳಗಿನಿಂದ ಶುರುಮಾಡಿ, ಬೇಕಾದ ಕೋನ ಸಿಗುವವರೆಗೆ ಒಂದೊಂದೇ ತೂತು ಹೊರಗೆ. ಟ್ರಾನ್ಸ್‌ಮಿಟರ್‌ಗೆ ಕೊನೆಯ ಸಣ್ಣ ತಿದ್ದುಪಡಿ ಮಾತ್ರ.

90 ಡಿಗ್ರಿ, ಮತ್ತು ನನ್ನ ಮೆಚ್ಚಿನ ಉಪಾಯ

ಸ್ಟಿಕ್ ನಡುವೆ ಇದ್ದಾಗ ಆರ್ಮ್ 90 ಡಿಗ್ರಿ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾವುದಕ್ಕೆ 90? ಸರ್ವೋ ಡಬ್ಬಿಗಲ್ಲ, ಪುಶ್‌ರಾಡ್‌ಗೆ. ಆರ್ಮ್ ಓರೆಯಾಗಿದ್ದರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಚಲಿಸುತ್ತದೆ. ಎಲಿವೇಟರ್‌ನ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ರೆಪ್ಪೆ) ಎಡಬಲ ಭಾಗಗಳಿಗೆ ಬೇರೆ ಬೇರೆ ಸರ್ವೋ ಇದ್ದು, ಅವುಗಳ ಓರೆ ಬೇರೆ ಬೇರೆ ಆದರೆ, ಮೂತಿ ಮೇಲೆತ್ತಿದಾಗಲೆಲ್ಲ ವಿಮಾನ ಒಂದು ಪಕ್ಕಕ್ಕೆ ಉರುಳುತ್ತದೆ. ಹಾರ್ನ್ ಕಡೆಯೂ ಇದೇ ನಿಯಮ: ಪುಶ್‌ರಾಡ್ ಸೇರುವ ತೂತು ಹಿಂಜ್ ಗೆರೆಯ ನೇರ ಮೇಲಿರಬೇಕು, ಹಿಂದೆ ಸರಿದಿರಬಾರದು.

ನನ್ನ ಸರ್ವೋದ ಆರ್ಮ್ ಕೂರುವ ಅಚ್ಚಿನಲ್ಲಿ 25 ಹಲ್ಲು. 360 ಭಾಗಿಸು 25, ಅಂದರೆ ಒಂದು ಹಲ್ಲಿಗೆ 14.4 ಡಿಗ್ರಿ. ಆರ್ಮ್ 5 ಡಿಗ್ರಿ ಓರೆ ನಿಂತರೆ ಒಂದು ಹಲ್ಲು ತಿರುಗಿಸಿ ಪ್ರಯೋಜನವಿಲ್ಲ, ಆಚೆ ಕಡೆ 9 ಡಿಗ್ರಿ ಓರೆಯಾಗುತ್ತದೆ. ಥ್ರಾಟಲ್ (ಎಂಜಿನ್ ವೇಗದ) ಸರ್ವೋ ಜೊತೆ ನಾಲ್ಕು ತೋಳಿನ ಪ್ಲಾಸ್ಟಿಕ್ ಆರ್ಮ್ ಬರುತ್ತದಲ್ಲ, ಅದನ್ನು ತೆಗೆದುಕೊಳ್ಳಿ. 25ನ್ನು 4ರಿಂದ ಭಾಗಿಸಿದರೆ 6.25. ಆ ಕಾಲು ಹಲ್ಲಿನಿಂದಾಗಿ ಪ್ರತಿ ತೋಳೂ ಹಿಂದಿನದಕ್ಕಿಂತ 3.6 ಡಿಗ್ರಿ ಸರಿದು ಕೂರುತ್ತದೆ! ನಾಲ್ಕನ್ನೂ ಒಂದೊಂದಾಗಿ ಹಾಕಿ ನೋಡಿ. ಒಂದಾದರೂ 2 ಡಿಗ್ರಿಯೊಳಗೆ ನಿಲ್ಲುತ್ತದೆ. ಅದನ್ನು ಇಟ್ಟುಕೊಂಡು ಉಳಿದ ಮೂರನ್ನು ಕತ್ತರಿಸಿ. ಎರಡು ಕಡೆ ತೋಳಿರುವ ಲೋಹದ ಆರ್ಮ್‌ನಲ್ಲಿ ತಿರುಗಿಸಿ ಹಾಕಿದರೆ ಅರ್ಧ ಹಲ್ಲು, ಅಂದರೆ 7.2 ಡಿಗ್ರಿ ಸರಿಯುತ್ತದೆ. ಇದು ಗೊತ್ತಾದ ದಿನ ಮನೆಯಲ್ಲಿದ್ದ ಸರ್ವೋಗಳನ್ನೆಲ್ಲ ಬಿಚ್ಚಿ ಹಾಕಿ ನೋಡಿದೆ.

ಎಂಜಿನ್, ಟ್ಯಾಂಕ್

ಎರಡೇ ಮಾತು. ಸಿಲಿಕೋನ್ ಟ್ಯೂಬ್ ಪೆಟ್ರೋಲ್‌ನಲ್ಲಿ ಉಬ್ಬಿ ಹಾಳಾಗುತ್ತದೆ, ಪೆಟ್ರೋಲ್ ತಾಳುವ ಟ್ಯೂಬ್ ಬೇರೆಯೇ ಇದೆ, ಅದನ್ನೇ ಹಾಕಿ. ಎಂಜಿನ್‌ಗೆ ಕಿಡಿ ಕೊಡುವ ಇಗ್ನಿಷನ್ ಡಬ್ಬಿ ಮತ್ತು ಅದರ ವೈರ್ ಮುಂದೆ, ಟ್ರಾನ್ಸ್‌ಮಿಟರ್‌ನ ಸಂಕೇತ ಹಿಡಿಯುವ ರಿಸೀವರ್ ಸಾಧ್ಯವಾದಷ್ಟು ಹಿಂದೆ. ಹಾಂ, ಲೋಹಕ್ಕೆ ಲೋಹ ಸೇರುವ ಬೋಲ್ಟ್‌ಗೆಲ್ಲ ಥ್ರೆಡ್ ಲಾಕ್ ಅಂಟು ಮರೆಯಬೇಡಿ, ಈ ಎಂಜಿನ್ ನಡುಗುವ ನಡುಕಕ್ಕೆ ಬೋಲ್ಟ್‌ಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಸಿಜಿ ಲೆಕ್ಕದಲ್ಲಿ ಒಂದು ಗುಂಡಿ

ಸಿಜಿ ಅಂದರೆ ವಿಮಾನದ ತೂಕ ಸಮತೋಲವಾಗುವ ಜಾಗ. ಅದಕ್ಕೆ ಕೈಪಿಡಿ ಕೊಟ್ಟ ಅಳತೆಯನ್ನು ನಾನೇ ಲೆಕ್ಕ ಹಾಕಿ ನೋಡಲು ಹೋಗಿ ಇನ್ನೊಮ್ಮೆ ಎಡವಿದೆ. ರೆಕ್ಕೆ ಬುಡದಲ್ಲಿ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 45 ಸೆಂ.ಮೀ. ಅಗಲ, ತುದಿಯಲ್ಲಿ 25. ಸೂತ್ರದ ಪ್ರಕಾರ (ಬರೀ ಕೂಡಿಸಿ ಅರ್ಧ ಮಾಡಿದ್ದಲ್ಲ) ಸರಾಸರಿ ಅಗಲ ಸುಮಾರು 36, ಸಿಜಿಗೆ ನಾನು ಹಿಡಿದದ್ದು ಅದರ 25 ಶೇಕಡಾ, ಅಂದರೆ 9 ಸೆಂ.ಮೀ. ಬುಡದ ಮುಂದಿನ ಅಂಚಿನಿಂದ 9 ಸೆಂ.ಮೀ.ಗೆ ಗುರುತು ಹಾಕಿದೆ. ತಪ್ಪು! ಆ 9 ಲೆಕ್ಕವಾಗುವುದು ಸರಾಸರಿ ಅಗಲ ಇರುವ ಜಾಗದ ಮುಂದಿನ ಅಂಚಿನಿಂದ. ನನ್ನ ರೆಕ್ಕೆಯ ಮುಂದಿನ ಅಂಚು ತುದಿಗೆ ಹೋಗುವಷ್ಟರಲ್ಲಿ 10 ಸೆಂ.ಮೀ. ಹಿಂದೆ ಸರಿಯುತ್ತದೆ, ಸರಾಸರಿ ಜಾಗದಲ್ಲಿ 4.5 ಸೆಂ.ಮೀ. ಅದನ್ನೂ ಕೂಡಿಸಿದರೆ 13.5. ಟ್ಯಾಂಕ್ ಖಾಲಿ ಇಟ್ಟು, ಆ ಗುರುತಿನಲ್ಲಿ ವಿಮಾನ ಸಮತೋಲವಾಗಿ ನಿಲ್ಲುತ್ತದಾ ನೋಡಿ. ಸೀಸ ಅಂಟಿಸುವ ಮುಂಚೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ನೋಡಿ. ನನ್ನದಕ್ಕೆ ಇಗ್ನಿಷನ್ ಬ್ಯಾಟರಿಯನ್ನು ಎಂಜಿನ್ ಡಬ್ಬಿಯ ಪಕ್ಕಕ್ಕೆ ಒಯ್ದದ್ದೇ ಸಾಕಾಯಿತು, ಒಂದು ಗ್ರಾಂ ಸೀಸವೂ ಬೇಕಾಗಲಿಲ್ಲ.

ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ರೆಪ್ಪೆ) ಮಾತ್ರ ಬಾಕಿ ಇದೆ. ಅದಕ್ಕೆ ಪುಶ್‌ರಾಡ್ ಇಲ್ಲ, ಎರಡು ಕಡೆಯಿಂದ ಎಳೆಯುವ ಕೇಬಲ್. ಆರ್ಮ್ ಮತ್ತು ಹಾರ್ನ್ ಒಂದೇ ಅಗಲ ಇಟ್ಟುಕೊಂಡಿದ್ದೇನೆ. ನಾಳೆ ಕೇಬಲ್ ಬಿಗಿದು, ಮತ್ತೆ ಅದೇ ಬೆರಳಿನಿಂದ ಮುಟ್ಟಿ ನೋಡಬೇಕು.