ಗೊಬ್ಬರ ಹಾಕಬೇಕಾದದ್ದು ಮಣ್ಣಿಗೆ, ನೀರಿಗಲ್ಲ

ಹಿತ್ತಲ ಕೊಳದ ನೀರು ಹಸಿರಾಯಿತೆಂದು ನನಗೆ ಕರೆ ಮಾಡುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಎರಡು ಕೆಲಸಗಳನ್ನು ಮಾಡಿ ಮುಗಿಸಿರುತ್ತಾರೆ. ನೈದಿಲೆ ಹೂ ಬಿಡುತ್ತಿಲ್ಲವೆಂದು ಒಂದು ಹಿಡಿ ಡಿಎಪಿ ರಸಗೊಬ್ಬರವನ್ನೋ ಸಗಣಿ ಗೊಬ್ಬರವನ್ನೋ ನೀರಿಗೆ ಎರಚಿರುತ್ತಾರೆ. ನೀರು ಹಸಿರಾದ ಕೂಡಲೇ ಅದನ್ನೆಲ್ಲ ಹೊರಚೆಲ್ಲಿ ಹೊಸ ನೀರು ತುಂಬಿರುತ್ತಾರೆ. ಎರಡರಿಂದಲೂ ಲಾಭವಾಗುವುದು ಪಾಚಿಗೆ.

ನೈದಿಲೆಗೆ ಗೊಬ್ಬರ ಧಾರಾಳವಾಗಿಯೇ ಬೇಕು, ನಿಜ. ಆದರೆ ಅದು ಮುಖ್ಯವಾಗಿ ಉಣ್ಣುವುದು ಕುಂಡದ ಮಣ್ಣಿನೊಳಗಿನ ಬೇರುಗಳಿಂದ. ನೀರಿನಲ್ಲಿ ಕರಗಿದ ಸಾರಜನಕ ಮತ್ತು ರಂಜಕಗಳನ್ನು, ಗಿಡ ಒಂದು ಹೊಸ ಎಲೆಯನ್ನು ಬಿಚ್ಚುವಷ್ಟರಲ್ಲಿ, ಬರಿಗಣ್ಣಿಗೆ ಬಿಡಿಯಾಗಿ ಕಾಣದ ತೇಲುಪಾಚಿ ಹೀರಿಕೊಂಡು ಹಲವು ಪಟ್ಟು ಬೆಳೆದುಬಿಟ್ಟಿರುತ್ತದೆ. ಆದ್ದರಿಂದ ಗೊಬ್ಬರವನ್ನು ಕಾಗದದಲ್ಲಿ ಬಿಗಿಯಾಗಿ ಪೊಟ್ಟಣ ಕಟ್ಟಿ, ಗಡ್ಡೆಗೆ ತಾಗದಂತೆ ಕುಂಡದ ಅಂಚಿನ ಕಡೆ ಬೆರಳುದ್ದ ಆಳಕ್ಕೆ ಒತ್ತಿ, ಆ ತೂತನ್ನು ಜೇಡಿಮಣ್ಣಿನಿಂದ ಮುಚ್ಚಬೇಕು. ಹತ್ತು ಲೀಟರ್ ಮಣ್ಣು ಹಿಡಿಯುವ ಕುಂಡಕ್ಕೆ ತಿಂಗಳಿಗೊಮ್ಮೆ ಒಂದು ಟೀ ಚಮಚ ಡಿಎಪಿ ಸಾಮಾನ್ಯವಾಗಿ ಸಾಕು. ಮೀನುಗಳಿದ್ದರೆ ಅದರರ್ಧದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಮಣ್ಣಿನಿಂದ ಸೋರಿದ ಅಮೋನಿಯಾ ಮೀನಿಗೆ ವಿಷ. ಮಣ್ಣು ಕೆರೆಯ ಗೋಡೋ ಕೆಮ್ಮಣ್ಣೋ ಆಗಿರಲಿ. ನರ್ಸರಿಗಳು ಕೊಡುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣ ತೇಲಿ ಹೊರಬರುತ್ತದೆ, ಗೊಬ್ಬರವನ್ನೂ ನೀರಿಗೆ ಬಿಡುತ್ತದೆ.

ಜನರಿಗೆ ಒಪ್ಪಿಸಲು ಬಲು ಕಷ್ಟವಾಗುವ ಮಾತೆಂದರೆ ನೀರು ಬದಲಿಸಬೇಡಿ ಎಂಬುದು. ರಾಜರಾಜೇಶ್ವರಿನಗರದ ನಿವೃತ್ತ ಅಧ್ಯಾಪಕರೊಬ್ಬರು ಪ್ರತಿ ಭಾನುವಾರ ಕೊಳವನ್ನು ಬರಿದು ಮಾಡಿ, ಗೋಡೆಯ ಲೋಳೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಕೊಳವೆಬಾವಿಯ ನೀರು ತುಂಬುತ್ತಿದ್ದರು. ಮೀನುಗಳ ಮೇಲಿನ ಅವರ ಮಮತೆಯನ್ನು ಕಂಡು ನನಗೆ ಗದರಲು ಮನಸ್ಸಾಗಲಿಲ್ಲ. ಆದರೆ ಕೊಳವೆಬಾವಿಯ ನೀರಿನಲ್ಲಿ ಹಲವೆಡೆ ಸಾರಜನಕದ ಲವಣವಾದ ನೈಟ್ರೇಟ್ ಇರುತ್ತದೆ. ಹೊಸ ನೀರೆಂದರೆ ಪಾಚಿಗೆ ಹೊಸ ಊಟ. ಅವರು ಉಜ್ಜಿ ತೆಗೆಯುತ್ತಿದ್ದ ಆ ಲೋಳೆಯಲ್ಲಿಯೇ ಮೀನಿಗೆ ವಿಷವಾದ ಅಮೋನಿಯಾವನ್ನು ಬೇರೆ ರೂಪಕ್ಕೆ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಆವಿಯಾದಷ್ಟನ್ನು ಮಾತ್ರ ತುಂಬಿ, ಉಳಿದುದನ್ನು ಮುಟ್ಟದೆ ಬಿಡಿ ಎಂದು ಅವರನ್ನು ಕೇಳಿಕೊಂಡೆ. ನೈದಿಲೆಯ ಎಲೆಗಳು ನೀರಿನ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದ ಮೇಲೆ, ಬೆಳಕು ಸಿಗದೆ ಹಸಿರು ತಾನಾಗಿ ಇಳಿಯಿತು. ತಳದ ಕುಂಡದ ಅಂಚು ಮೇಲಿನಿಂದಲೇ ಕಾಣತೊಡಗಿತು. ಇದಕ್ಕೆ ಸಾಮಾನ್ಯವಾಗಿ ಕೆಲವು ವಾರಗಳು ಬೇಕು. ಬಿಸಿಲು, ಮೀನುಗಳ ಸಂಖ್ಯೆ, ಅವುಗಳಿಗೆ ಹಾಕುವ ತಿಂಡಿ ಇವುಗಳನ್ನು ಅವಲಂಬಿಸಿ ಹೆಚ್ಚೂ ಆಗಬಹುದು.

ನೂಲಿನಂತಿರುವ ಪಾಚಿಯ ಬಗೆ ಬೇರೆ. ಅದನ್ನು ಒರಟು ಕೋಲಿಗೆ ಸುತ್ತಿ ಎಳೆದು ತೆಗೆದು, ಗಿಡಗಳ ಬುಡಕ್ಕೆ ಹಾಕಿ. ಅಂಗಡಿಯವರ ಮಾತು ಕೇಳಿ ಮೈಲುತುತ್ತು (ತಾಮ್ರದ ಸಲ್ಫೇಟ್) ಸುರಿಯುವ ಮುನ್ನ ದಯವಿಟ್ಟು ಒಮ್ಮೆ ಯೋಚಿಸಿ. ತಾಮ್ರ ಮೀನಿಗೂ ಬಸವನಹುಳುವಿಗೂ ವಿಷ. ಅಲ್ಲದೆ ಒಟ್ಟಿಗೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಈಗಾಗಲೇ ಹಾಕಿದ್ದು, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ತಡಮಾಡದೆ ಗಾಳಿಯ ಪಂಪನ್ನು ಹಚ್ಚಿ, ಅರ್ಧದಷ್ಟು ನೀರು ಬದಲಿಸಿ. ನೀರು ಬದಲಿಸಿ ಎಂದು ನಾನು ಹೇಳುವುದು ಇಂಥ ಸಂದರ್ಭದಲ್ಲಿ ಮಾತ್ರ. ಆಗಲೂ ನಲ್ಲಿಯ ನೀರಾದರೆ ಮೊದಲು ಕ್ಲೋರಿನ್ ತೆಗೆಯುವ ದ್ರಾವಣವನ್ನು ಬೆರೆಸಿಕೊಳ್ಳಬೇಕು.